ಸಾಸಿವೆಯಷ್ಟು ಮುಖ

ಅಂತ್ಯಕ್ರಿಯೆ ಮುಗಿದು, ನೆಂಟರೆಲ್ಲ ತಂತಮ್ಮ ಚೀಲ ಹುಡುಕಿಕೊಂಡು ಹೊರಟುಹೋದ ಮೇಲೆ ಬಂದ ಮೊದಲ ಮಾಮೂಲಿ ಬೆಳಿಗ್ಗೆ ಅದು. ಅವಳು ಎದ್ದವಳೇ ಸ್ನಾನದ ಮನೆಯ ಬಾಗಿಲು ತಟ್ಟಿ, “ಬೇಗ ಮುಗಿಸ್ರೀ” ಅಂದಳು. ಒಳಗೆ ಯಾರೂ ಇರಲಿಲ್ಲ. ಅತ್ತೆ ಕೇಳಿಸಿಕೊಂಡರೇನೋ ಎಂದು ಹಜಾರದ ಕಡೆ ಇಣುಕಿದಳು. ಅತ್ತೆ ಕುರ್ಚಿಯಲ್ಲಿ ಕೂತು ಎದುರಿನ ಗೋಡೆಯನ್ನೇ ನೋಡುತ್ತಿದ್ದರು.

“ಗೋಡೆ ಬೋಳಾಗಿದೆ.”

“ಯಾವಾಗಲೂ ಹಾಗೇ ಇತ್ತಲ್ಲ ಅತ್ತೆ.”

“ಯಾವಾಗಲೂ ಅವನೂ ಇದ್ದ. ಸಂಜೆ ಅವನ ಆಫೀಸಿನೋರು ಬರ್ತಾರಂತೆ. ಬಂದವರು ಯಾವ ಕಡೆ ನೋಡ್ಕೊಂಡು ದುಃಖ ಪಡಬೇಕು? ನನ್ನ ಮುಖ ನೋಡ್ಕೊಂಡಾ? ಅವನದೊಂದು ಫೋಟೋ ಬೇಕು. ದೊಡ್ಡದು.”

ತಾಪತ್ರಯ ಅಲ್ಲಿಂದ ಶುರುವಾಯಿತು. ಸತ್ತವನು ಫೋಟೋ ತೆಗೆಯುವ ಪೈಕಿ, ತೆಗೆಸಿಕೊಳ್ಳುವ ಪೈಕಿ ಅಲ್ಲ. ಅವನ ಮೊಬೈಲಿನ ತುಂಬ ಊರವರೆಲ್ಲ ಇದ್ದರು. ಆದರೆ ಅದನ್ನು ತೆರೆಯುವ ಗುಟ್ಟಿನ ಸಂಖ್ಯೆಯನ್ನು ಅವನು ಜೊತೆಗೇ ಒಯ್ದಿದ್ದ. ಮದುವೆಯ ಒಂದೇ ಒಂದು ಚಿತ್ರದಲ್ಲಿ ಅವನ ಕಣ್ಣು ಮುಚ್ಚಿತ್ತು.

“ಇದನ್ನ ಹಾಕಿದ್ರೆ ಮದುವೆ ದಿನಾನೇ ಹೋಗ್ಬಿಟ್ಟಿದ್ದ ಅಂದ್ಕೋತಾರೆ,” ಅಂದರು ಕೆಳಗಿನ ಮನೆಯ ಟೀಚರಮ್ಮ. ಅವರನ್ನು ಯಾರೂ ಕರೆದಿರಲಿಲ್ಲ. ಕಷ್ಟದ ವಾಸನೆ ಸಿಕ್ಕರೆ ಸಾಕು, ಅವರು ಮೆಟ್ಟಿಲು ಹತ್ತಿ ಬರುತ್ತಿದ್ದರು. ಗುರುತಿನ ಚೀಟಿಯ ಚಿತ್ರವನ್ನೂ ಅವರು ತಿರುಗಿಸಿ ಮುರುಗಿಸಿ ನೋಡಿದರು. “ಇದರಲ್ಲಿ ಕಿಸೆಗಳ್ಳನ ಥರ ಇದ್ದಾನೆ. ಬಂದವರು ಪರ್ಸ್ ಮುಟ್ಟಿ ನೋಡ್ಕೋತಾರೆ. ಬೇಡ.”

ಫೋಟೋ ಅತ್ತೆಗಿಂತ ಹೆಚ್ಚಾಗಿ ಬೇಕಾಗಿದ್ದುದು ಅವಳಿಗೆ. ಅದನ್ನು ಬಾಯಿಬಿಟ್ಟು ಹೇಳುವಂತಿರಲಿಲ್ಲ. ಗಂಡನ ಕೆಮ್ಮು ಅವಳಿಗೆ ನೆನಪಿತ್ತು, ಚಪ್ಪಲಿ ಎಳೆದು ನಡೆಯುವ ಸದ್ದು ನೆನಪಿತ್ತು, ಒದ್ದೆ ಟವೆಲನ್ನು ಬಾಗಿಲ ಮೇಲೆ ಎಸೆಯುವ ಕೈ ನೆನಪಿತ್ತು. ಮುಖವನ್ನು ಮಾತ್ರ ನೆನೆಯಲು ಹೋದರೆ ಕಿವಿಯ ತನಕ ಬಂದು ಜಾರಿಬಿಡುತ್ತಿತ್ತು. ಇಷ್ಟು ಬೇಗ! ಎರಡು ವರ್ಷ ಒಂದೇ ಮಂಚದಲ್ಲಿ ಮಲಗಿದವನ ಮೂಗು ಹೇಗಿತ್ತೆಂದು ಯಾರನ್ನು ಕೇಳುವುದು?

ಆಗ ನೆನಪಾಯಿತು, ಅವನೇ ಒಮ್ಮೆ ಅವಳ ಮೊಬೈಲಿಗೆ ಕಳಿಸಿದ್ದ ಚಿತ್ರ. ಆಫೀಸಿನವರೆಲ್ಲ ಬಸ್ಸು ಮಾಡಿಕೊಂಡು ಹೊಳೆದಂಡೆಗೆ ಹೋಗಿದ್ದ ದಿನದ್ದು. “ಎಲ್ಲರೂ ಬಂದಿದ್ರು” ಎಂದು ಕೆಳಗೆ ಬರೆದಿದ್ದ. ಎಲ್ಲ ಶಾಖೆಗಳ ಎಲ್ಲರನ್ನೂ ಹಿಡಿಸಲು ಬಹಳ ದೂರದಿಂದ ತೆಗೆದಿದ್ದರಿಂದ ಒಬ್ಬೊಬ್ಬರೂ ಬೆಂಕಿಕಡ್ಡಿಯಷ್ಟಿದ್ದರು. ಹಿಂದಿನ ಸಾಲಿನ ಕೊನೆಯಲ್ಲಿ ಹಳದಿ ಕಪ್ಪು ಪಟ್ಟೆಯ ಸ್ವೆಟರ್ ಕಂಡಿತು, ದೊಡ್ಡದೊಂದು ಜೇನುನೊಣ ಬಂದು ಸಾಲಿನಲ್ಲಿ ನಿಂತ ಹಾಗೆ. ಅವತ್ತು ರಾತ್ರಿ ಅವನು ಅದೇ ಸ್ವೆಟರಿನಲ್ಲಿ ಮನೆಗೆ ಬಂದಿದ್ದ. “ಹೊಸದಾ?” ಎಂದು ಅವಳು ಕೇಳಿದ್ದಳು. “ಹ್ಞೂಂ” ಅಂದಿದ್ದ. ಯಾವ ಪ್ರಶ್ನೆಗೂ ಅವನ ಉತ್ತರ ಅದೇ. ಆಮೇಲೆ ಆ ಚಳಿಗಾಲವೆಲ್ಲ ಅದನ್ನು ಬಿಚ್ಚಿರಲಿಲ್ಲ.

“ಸಿಕ್ಕಿದ್ರು,” ಅಂದಳು.

ಸ್ಟುಡಿಯೋಗೆ ಟೀಚರಮ್ಮನೂ ಬಂದರು. ಬೇಡವೆಂದರೆ ಕೇಳುವ ಆಸಾಮಿಯಲ್ಲ.

ಸ್ಟುಡಿಯೋದವನು ಚಿತ್ರವನ್ನು ತೆರೆದು, ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡ. “ಮೇಡಂ, ಇದು ಮುಖ ಅಲ್ಲ, ಸಾಸಿವೆ. ಕಣ್ಣಿಗೊಂದು ಚುಕ್ಕಿ, ಮೂಗಿಗೊಂದು ಚುಕ್ಕಿ, ಬಾಯಿಗೆ ಮಿಕ್ಕೇ ಇಲ್ಲ. ಹಿಗ್ಗಿಸಿದ್ರೆ ಹೀಗಾಗುತ್ತೆ ನೋಡಿ.”

ಪರದೆಯ ಮೇಲೆ ಬಂದದ್ದು ಸ್ನಾನದ ಮನೆಯ ನೆಲ. ಕಂದು ಚೌಕ, ಬೂದು ಚೌಕ, ಮಧ್ಯೆ ಎರಡು ಕಪ್ಪು ಚೌಕ.

“ನುಣುಪು ಮಾಡಪ್ಪ,” ಎಂದು ಟೀಚರಮ್ಮ ಆಜ್ಞೆ ಮಾಡಿದರು.

ನುಣುಪು ಮಾಡಿದ. ವಾರವಿಡೀ ಉಜ್ಜಿ ಸವೆಸಿದ ಸೋಪಿನ ಬಿಲ್ಲೆಗೆ ಕೂದಲು ಬಂದ ಹಾಗಾಯಿತು.

“ಇನ್ನೊಂದು ದಾರಿ ಇದೆ,” ಎಂದು ಅವನು ದನಿ ತಗ್ಗಿಸಿದ. “ಹೊಸ ಪ್ರೋಗ್ರಾಂ. ಲಕ್ಷಗಟ್ಟಲೆ ಮುಖ ನೋಡಿ ಕಲ್ತಿದೆ. ಚಿತ್ರದಲ್ಲಿ ಏನಿಲ್ವೋ ಅದನ್ನ ತಾನೇ ಊಹಿಸಿ ತುಂಬುತ್ತೆ. ರೆಪ್ಪೆ, ಹಲ್ಲು, ಚರ್ಮದ ಗೆರೆ, ಎಲ್ಲ.”

“ಊಹೆ ತಪ್ಪಿದ್ರೆ?”

“ಇಲ್ಲಿವರೆಗೂ ಯಾರೂ ದೂರು ಹೇಳಿಲ್ಲ ಮೇಡಂ. ಹೆಚ್ಚಿನೋರು ತೀರ್ಕೊಂಡವರೇ.”

ಗುಂಡಿ ಒತ್ತಿದ. ಪರದೆಯ ಮಂಜಿನೊಳಗಿಂದ ಯಾರೋ ನಡೆದುಬಂದ ಹಾಗೆ ಮುಖವೊಂದು ಮೇಲೆದ್ದು ಬರತೊಡಗಿತು. ಮೊದಲು ಹಣೆ ಬಂತು, ಆಮೇಲೆ ಹುಬ್ಬು. ಕಣ್ಣುಗಳು ಕೊನೆಗೆ ಬಂದವು. ಬಂದ ತಕ್ಷಣ ಅವಳನ್ನೇ ನೋಡಿದವು. ಅಗಲ ದವಡೆ, ಎಡಗೆನ್ನೆಯಲ್ಲೊಂದು ಗುಳಿ, ತುಟಿಯ ಮೇಲೆ ಈಗಷ್ಟೇ ಏನೋ ತಮಾಷೆ ಕೇಳಿಸಿಕೊಂಡಂಥ ನಗು. ಪಕ್ಕದವನ ಭುಜವನ್ನು ಅಳಿಸಿ, ಹಿಂದೆ ತಿಳಿನೀಲಿ ಆಕಾಶವನ್ನೂ ಆ ಪ್ರೋಗ್ರಾಮೇ ಹಾಕಿಕೊಟ್ಟಿತು.

ಅವಳು ಒಂದು ಹೆಜ್ಜೆ ಹಿಂದೆ ಸರಿದಳು. “ಇದು ಅವರಲ್ಲ.”

“ಅವನೇ!” ಅಂದರು ಟೀಚರಮ್ಮ. “ಆ ನಗು ನೋಡು. ನೀರಿನ ಟ್ಯಾಂಕ್ ತುಂಬಿ ಹರೀತಿದೆ ಅಂತ ನಾನು ಬೈದಾಗ ಹೀಗೇ ನಿಂತ್ಕೊಂಡು ನಗ್ತಿದ್ದ.”

“ಗುಳಿ ಇರಲಿಲ್ಲ ಅವರಿಗೆ.”

“ಇತ್ತು. ನೀನು ಸರಿಯಾಗಿ ನೋಡಿಲ್ಲ. ಗಂಡಂದಿರ ಮುಖ ಯಾವ ಹೆಂಡತಿ ನೋಡ್ತಾಳೆ ಹೇಳು? ಅಂಗಿ ಕೊಳೆ ಆಗಿದ್ಯಾ ಅಂತ ನೋಡ್ತಾಳೆ ಅಷ್ಟೆ.”

ಇನ್ನೊಮ್ಮೆ ಮಾಡಿ ಅಂದಳು. ಎರಡನೇ ಸಲವೂ ಅವನೇ ಬಂದ, ಇನ್ನಷ್ಟು ಸ್ಪಷ್ಟವಾಗಿ. ಮೂರನೇ ಸಲ ಹಲ್ಲು ಕಾಣುವಷ್ಟು ನಕ್ಕ. ಕರೆದಷ್ಟೂ ಹತ್ತಿರ ಬರುತ್ತಿದ್ದಾನೆ ಅನ್ನಿಸಿ ಅವಳು ಕರೆಯುವುದನ್ನು ನಿಲ್ಲಿಸಿದಳು. ಸ್ವೆಟರ್ ಮಾತ್ರ ಅದೇ. ಸ್ವೆಟರಿನ ಬಗ್ಗೆ ಅವಳಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಅದನ್ನು ನೋಡಿಯೇ “ಸರಿ” ಅಂದಳು.

ಚಿತ್ರಕ್ಕೆ ಗಾಜಿನ ಚೌಕಟ್ಟು ಹಾಕಿಸಿ ಹೊತ್ತು ತರುವಾಗ ದಾರಿಯುದ್ದಕ್ಕೂ ಜನ ನಿಲ್ಲಿಸಿದರು. “ಥೇಟ್ ಅವರೇ!” ಅಂದ ಇಸ್ತ್ರಿಯವನು. “ಪಾಪ, ಈಗ ಮಾತಾಡ್ತಾರೇನೋ ಅನ್ನೋ ಹಾಗಿದೆ,” ಅಂದಳು ಪಕ್ಕದ ಮನೆಯಾಕೆ. ಅದೇ ಅವಳ ಭಯವೂ ಆಗಿತ್ತು.

ಅತ್ತೆ ಫೋಟೋವನ್ನು ತೊಡೆಯ ಮೇಲಿಟ್ಟುಕೊಂಡರು. ಅವರ ಎರಡೂ ಕಣ್ಣಿಗೆ ಪೊರೆ. ಗಾಜನ್ನು ಮೂಗಿಗೆ ತಾಗುವಷ್ಟು ಹತ್ತಿರ ತಂದು ಸುಮಾರು ಹೊತ್ತು ನೋಡಿದರು. “ಸಣ್ಣವನಿದ್ದಾಗ ಹೀಗೇ ಇದ್ದ,” ಅಂದರು. ಆಮೇಲೆ ಸೆರಗಿನಿಂದ ಗಾಜು ಒರೆಸಿ, ಮಗ ಸತ್ತ ದಿನದಿಂದ ಮೊದಲ ಸಲ ಗಟ್ಟಿಯಾಗಿ ಅತ್ತರು. ಅದರ ಮೇಲೆ ಸೊಸೆ ಏನು ಹೇಳಿಯಾಳು? ಮೊಳೆ ಹೊಡೆದು ನೇತುಹಾಕಿದಳು.

ನೇತುಹಾಕಿದ ಮೇಲೆ ಮನೆ ಅವಳದಾಗಿ ಉಳಿಯಲಿಲ್ಲ. ಅಡುಗೆಮನೆಗೆ ಹೋದರೆ ಅವನ ಕಣ್ಣು ಬಾಗಿಲ ತನಕ ಬಂದು ಬಿಡುತ್ತಿತ್ತು. ಗುಡಿಸುವಾಗ ಪರಪುರುಷನ ಮುಂದೆ ಬಗ್ಗಿದ ಹಾಗಾಗಿ ಸೆರಗು ಸರಿಮಾಡಿಕೊಂಡಳು. ಅತ್ತೆ ಮಾತ್ರ ಗೋಡೆಯ ಹತ್ತಿರ ಕುರ್ಚಿ ಎಳೆದುಕೊಂಡು, “ನಿನ್ನೆ ರಾತ್ರಿ ಮಂಡಿ ನೋವು ಕಣೋ,” ಎಂದು ಅವನಿಗೆ ವರದಿ ಒಪ್ಪಿಸುತ್ತಿದ್ದರು. ಅವನು ಗುಳಿ ಬೀಳಿಸಿ ನಗುತ್ತ ಕೇಳಿಸಿಕೊಳ್ಳುತ್ತಿದ್ದ. ನಿಜವಾದ ಮಗ ಅಷ್ಟು ತಾಳ್ಮೆಯಿಂದ ಯಾವತ್ತೂ ಕೇಳಿರಲಿಲ್ಲ.

ಸಂಜೆಗೆ ಮುಂಚೆ ಅವಳು ಸ್ವಲ್ಪ ಮಲಗಿ ಕಣ್ಣು ಮುಚ್ಚಿದಳು. ಗಂಡನನ್ನು ನೆನೆದಳು. ಕೆಮ್ಮು ಬಂತು, ಚಪ್ಪಲಿಯ ಸದ್ದು ಬಂತು, ಟವೆಲ್ ಎಸೆಯುವ ಕೈ ಬಂತು. ಕೈಯ ಜೊತೆಗೆ ಈ ಸಲ ಮುಖವೂ ಬಂತು. ಅಗಲ ದವಡೆ. ಎಡಗೆನ್ನೆಯಲ್ಲಿ ಗುಳಿ.

ಧಡಕ್ಕನೆ ಎದ್ದು ಕೂತಳು. ಇನ್ನೊಂದು ದಿನ ಇದು ಗೋಡೆಯ ಮೇಲಿದ್ದರೆ ಅವಳ ಗಂಡ ಶಾಶ್ವತವಾಗಿ ಹೋದ ಹಾಗೇ. ಇಳಿಸಿಬಿಡೋಣವೆಂದು ಹಜಾರಕ್ಕೆ ಓಡಿದರೆ, ಬಾಗಿಲಲ್ಲಿ ಆಗಲೇ ಚಪ್ಪಲಿ ಬಿಡುವ ಸದ್ದು. ಆಫೀಸಿನವರು ಬಂದಿದ್ದರು.

ಮ್ಯಾನೇಜರು ಮುಂದೆ ಬಂದರು. ದಾರಿಯಲ್ಲಿ ಬಾಯಿಪಾಠ ಮಾಡಿಕೊಂಡಿದ್ದ ಮಾತನ್ನು ತಲೆ ತಗ್ಗಿಸಿ ಶುರುಮಾಡಿದರು. “ಇಂಥ ಸಜ್ಜನ, ಇಂಥ ಪ್ರಾಮಾಣಿಕ...” ತಲೆ ಎತ್ತಿದರು. ಮಾತು ಅಲ್ಲೇ ಕಚ್ಚಿಕೊಂಡಿತು. ಹಿಂದಿದ್ದವರ ಕಡೆ ತಿರುಗಿದರು. ಹಿಂದಿದ್ದವರು ನೆಲ ನೋಡಿದರು. ಯಾರೋ ಕೆಮ್ಮಿದರು. ಟೈಪಿಸ್ಟ್ ಹುಡುಗಿ ಕರವಸ್ತ್ರವನ್ನು ಬಾಯಿಗೆ ಒತ್ತಿಕೊಂಡಳು. ಅಳುವನ್ನು ತಡೆಯಲೋ ಇನ್ನೇನನ್ನೋ, ಹೇಳಲಾಗದು.

“ಚೆನ್ನಾಗಿ ಬಂದಿದೆ,” ಅಂದರು ಮ್ಯಾನೇಜರು ಕೊನೆಗೆ. “ತುಂಬಾ... ಜೀವಂತವಾಗಿದೆ.”

ಕುರ್ಚಿ ಸಾಲದೆಂದು ಕೆಳಗೆ ಹೋಗಿದ್ದ ಟೀಚರಮ್ಮ ಕುರ್ಚಿಯಿಲ್ಲದೆ ವಾಪಸು ಬಂದರು. ಅವಳ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡರು.

“ಮೆಟ್ಟಿಲು ಹತ್ತಿ ಬರ್ತಿದ್ದಾನೆ.”

“ಯಾರು?”

“ನಿನ್ನ ಗಂಡ.”

ಮೆಟ್ಟಿಲ ಮೇಲೆ ಹೆಜ್ಜೆ ಸದ್ದು ಕೇಳಿಸಿತು. ಬುದ್ಧಿಗೆ ಗೊತ್ತಿದ್ದರೂ ಅವಳ ಎದೆ ಒಂದು ಕ್ಷಣ ಬಾಗಿಲ ಕಡೆ ಓಡಿತು. ಹೆಜ್ಜೆ ಮೇಲೆ ಬಂತು. ಬಾಗಿಲಲ್ಲಿ ಅಗಲ ದವಡೆ, ಎಡಗೆನ್ನೆಯ ಗುಳಿ. ಕೈಯಲ್ಲಿ ಸ್ಕೂಟರಿನ ಕೀಲಿ.

“ಕ್ಷಮಿಸಿ, ಗಾಡಿ ನಿಲ್ಲಿಸೋಕೆ ಜಾಗ ಸಿಗಲಿಲ್ಲ,” ಅಂದ. ಆಮೇಲೆ ಗೋಡೆ ನೋಡಿದ. ಎಲ್ಲರ ಮುಖ ನೋಡಿದ. ತನ್ನ ಮುಖವನ್ನೊಮ್ಮೆ ಕೈಯಿಂದ ಮುಟ್ಟಿ ನೋಡಿಕೊಂಡ.

“ಅಮ್ಮಾ... ಇದು ನಾನು.”

“ಗೊತ್ತು ಕಣಪ್ಪ,” ಅಂದರು ಅತ್ತೆ, ದನಿ ಬಂದ ಕಡೆ ಕೈ ಚಾಚಿ. ಟೀಚರಮ್ಮ ಗೋಡೆ ಹಿಡಿದು ಕೂತರು.

ಅವಳಿಗೆ ಭಯವಾಗಲಿಲ್ಲ. ಬಂದವನು ಗಂಡನಲ್ಲದೆ ಇವನಾಗಿಬಿಟ್ಟನಲ್ಲ ಎಂದು ಸಿಟ್ಟು ಬಂತು. ಮೊಬೈಲು ತಂದು ಚಿತ್ರ ತೋರಿಸಿದಳು. “ಸ್ವೆಟರ್ ನಮ್ಮವರದು. ಅವತ್ತು ಹಾಕ್ಕೊಂಡೇ ಮನೆಗೆ ಬಂದ್ರು.”

“ಸ್ವೆಟರ್ ನಂದು ಮೇಡಂ,” ಅಂದ ಅವನು, ಕದ್ದು ಸಿಕ್ಕಿಬಿದ್ದವನ ಹಾಗೆ. “ಬೇರೆ ಶಾಖೆಯಲ್ಲಿರೋದು ನಾನು. ವಾಪಸ್ ಬರುವಾಗ ಬಸ್ಸಿನ ಕಿಟಕಿ ಮುಚ್ಚೋಕೆ ಬರ್ತಿರಲಿಲ್ಲ, ಅವರು ನಡುಗ್ತಿದ್ರು. ಬಿಚ್ಚಿ ಕೊಟ್ಟೆ. ನಮ್ಮನೆಯವಳು ಹೆಣೆದಿದ್ದು. ಅವಳು ಕೇಳಿದಾಗೆಲ್ಲ ಇಸ್ಕೊಂಡು ಬರ್ತೀನಿ ಅಂತಿದ್ದೆ.”

“ಹಾಗಾದ್ರೆ ಇದರಲ್ಲಿ ಅವರೆಲ್ಲಿ?”

ಟೈಪಿಸ್ಟ್ ಹುಡುಗಿ ಮೆಲ್ಲಗೆ ಹೇಳಿದಳು: “ಫೋಟೋ ತೆಗೆದಿದ್ದು ಅವರೇ ಅಕ್ಕಾ. ಎಲ್ಲರನ್ನೂ ಹಿಡಿಸಬೇಕು ಅಂತ ಹಿಂದೆ ಹಿಂದೆ ಹೋಗಿ ನೀರಿಗೇ ಕಾಲಿಟ್ರು. ಅದಕ್ಕೇ ಎಲ್ಲರೂ ನಗ್ತಿರೋದು.”

ಅವಳು ಮತ್ತೆ ನೋಡಿದಳು. ಬೆಂಕಿಕಡ್ಡಿಯಷ್ಟಿದ್ದ ಅಷ್ಟೂ ಜನ ಒಂದೇ ಕಡೆ ನೋಡಿ ನಗುತ್ತಿದ್ದರು.

ಸ್ಟೂಲು ಎಳೆದು ಫೋಟೋ ಇಳಿಸಲು ಹೋದಾಗ ಅತ್ತೆ, “ಮುಟ್ಟಬೇಡ,” ಅಂದರು.

“ಅದು ಇವರು ಅತ್ತೆ. ನಿಮ್ಮ ಮಗ ಅಲ್ಲ.”

“ಕೇಳಿಸ್ತು, ಕಿವುಡಿ ಅಲ್ಲ ನಾನು. ಇರಲಿ ಬಿಡು. ಮಾತಾಡೋಕೆ ಒಂದು ಮುಖ ಬೇಕು.”

“ಅಮ್ಮಾ, ನಾನು ಬದುಕಿದ್ದೀನಿ,” ಅಂದ ಅವನು ಅಳುಬುರುಕ ದನಿಯಲ್ಲಿ. “ನಮ್ಮನೆಯವಳಿಗೆ ಗೊತ್ತಾದ್ರೆ ಏನಂತಾಳೆ?”

“ಅವಳನ್ನೂ ಕರ್ಕೊಂಡು ಬಾ, ನೋಡ್ಲಿ,” ಅಂದರು ಅತ್ತೆ. ಅಲ್ಲಿಗೆ ಆ ವಿಷಯ ಮುಗಿಯಿತು.

ಆಫೀಸಿನವರು ಒಬ್ಬೊಬ್ಬರಾಗಿ ಜಾಗ ಖಾಲಿ ಮಾಡಿದರು. ಅವಳು ಒಳಗೆ ಹೋಗಿ ಬೀರು ತೆರೆದಳು. ಮಡಿಸಿಟ್ಟ ಸ್ವೆಟರ್ ಮೇಲೇ ಇತ್ತು. ಮೊಣಕೈಯ ಹತ್ತಿರ ಉಣ್ಣೆ ಹಿಗ್ಗಿ ಜೋತುಬಿದ್ದು, ಒಳಗಿನ್ನೂ ಒಂದು ಕೈ ಇದ್ದ ಹಾಗಿತ್ತು. ಅದನ್ನು ಮೂಗಿನ ಹತ್ತಿರ ತರಲಿಲ್ಲ. ತಂದಿದ್ದರೆ ಕೊಡಲಾಗುತ್ತಿರಲಿಲ್ಲ.

“ಇಟ್ಕೊಳ್ಳಿ ಮೇಡಂ, ಪರವಾಗಿಲ್ಲ,” ಅಂದ ಬಾಗಿಲಲ್ಲಿ ಉಳಿದಿದ್ದವನು.

“ಬೇಡ. ತಗೊಳ್ಳಿ. ಗಾಳಿ ಜೋರಾಗಿದೆ.”

ಅವನು ಸಂಕೋಚದಿಂದಲೇ ತಲೆ ತೂರಿಸಿ ಅದನ್ನು ತೊಟ್ಟುಕೊಂಡ. ಕೈ ಮುಗಿದು ಮೆಟ್ಟಿಲಿಳಿಯತೊಡಗಿದ. ಹಳದಿ ಕಪ್ಪು ಬೆನ್ನು, ಜೋತುಬಿದ್ದ ಮೊಣಕೈ. ಹಿಂದಿನಿಂದ ನೋಡಿದರೆ, ಎಲ್ಲಿಯೂ ಒಂದು ಚುಕ್ಕಿಯ ತಪ್ಪಿಲ್ಲದೆ, ಗಂಡ ಆಫೀಸಿಗೆ ಹೊರಟಿದ್ದ. ಅವಳು ಕಟಕಟೆ ಹಿಡಿದು ಬಗ್ಗಿ ನೋಡಿದಳು. ತಿರುಗದೆ ಹೋಗಲಿ, ತಿರುಗದೆ ಹೋಗಲಿ ಎಂದುಕೊಳ್ಳುತ್ತ ಕೊನೆಯ ಮೆಟ್ಟಿಲ ತನಕ ನೋಡಿದಳು.