ಗುಳಿಗೆ ಕೊಡದೆ ಧರ್ಮ ಕಾಯ್ದ ಅಂಗಡಿಕಾರರಿಗೆ

ಮಾನ್ಯ ವಿರೂಪಾಕ್ಷ ಅವರೇ,

ಸವದತ್ತಿ ಪೇಟೆಯಲ್ಲಿ ಔಷಧ ಅಂಗಡಿ ಇಟ್ಟುಕೊಂಡು, ಔಷಧದ ಜೊತೆಗೆ ಸದಾಚಾರವನ್ನೂ ಒಂದೇ ಕೌಂಟರಿನಿಂದ ಹಂಚುತ್ತಿರುವ ತಮಗೆ, ಹೂಲಿಯ ನಿವೃತ್ತ ಶಾಲಾ ಶಿಕ್ಷಕಿ ಸಾವಂತ್ರೆವ್ವಳ ಅನಂತ ನಮಸ್ಕಾರಗಳು. ಸೊಸೆ ಪ್ರಜ್ಞಾಳ ಒಪ್ಪಿಗೆ ಪಡೆದೇ ಇದನ್ನು ಬಹಿರಂಗವಾಗಿ ಬರೆಯುತ್ತಿದ್ದೇನೆ. ನಾವು ಬಸ್ಸಿಳಿಯುವ ಮೊದಲೇ ನಮ್ಮ ಮನೆಯ ಸುದ್ದಿ ತಮ್ಮ ಕೃಪೆಯಿಂದ ಊರು ಸೇರಿದ್ದರಿಂದ, ಮುಚ್ಚಿಡುವ ಶ್ರಮವೂ ನಮಗೆ ಉಳಿದಿಲ್ಲ.

ಪ್ರಜ್ಞಾ ರವಿಕೆ ಹೊಲಿಯುವವಳು. ಆಪರೇಷನ್ ಆಗಿ ಹುಟ್ಟಿದ ಮಗು ಇನ್ನೂ ಅಂಬೆಗಾಲಿಡುತ್ತಿರುವಾಗಲೇ ಮತ್ತೆ ಬಸಿರು ನಿಂತಿತು. ಈಗ ಬೇಡವೆಂದು ಅವಳೂ ನನ್ನ ಮಗ ಗೌರೀಶನೂ ಕೂತು ಮಾತಾಡಿ ನಿರ್ಧರಿಸಿದರು. ಡಾಕ್ಟರು ಪರೀಕ್ಷಿಸಿ, ಒಳಗಿನ ಹೊಲಿಗೆ ಇನ್ನೂ ಗಟ್ಟಿಯಾಗಿಲ್ಲ, ಈಗಾದರೆ ಗುಳಿಗೆ ಸಾಕು, ತಡವಾದರೆ ದೊಡ್ಡ ಆಸ್ಪತ್ರೆಗೇ ಹೋಗಬೇಕಾದೀತು ಎಂದು ಹೇಳಿ ಚೀಟಿ ಬರೆದುಕೊಟ್ಟರು.

ಆ ಚೀಟಿ ಹಿಡಿದು ಬಂದವಳಿಗೆ ತಾವು, "ಗಂಡನ್ನ ಕರಕೊಂಡು ಬಾರವಾ, ಇಂಥಾವೆಲ್ಲಾ ಸುಮ್ನ ಕೊಡಾಕ ಬರೂದಿಲ್ಲ" ಎಂದಿರಿ. ಹದಿನೆಂಟು ತುಂಬಿದ ಹೆಂಗಸಿನ ಒಪ್ಪಿಗೆಯೊಂದೇ ಸಾಕೆನ್ನುತ್ತದೆ ಕಾನೂನು. ಪಾಪ, ಕಾನೂನಿಗೆ ತಮ್ಮಷ್ಟು ದೂರದೃಷ್ಟಿ ಎಲ್ಲಿಂದ ಬರಬೇಕು! ಮರುದಿನ ಗೌರೀಶ ಟ್ರ್ಯಾಕ್ಟರ್ ರಿಪೇರಿ ಕೆಲಸ ಬಿಟ್ಟು ಬಂದು, "ಆಕಿ ಗಂಡ ನಾನ ಅದೇನ್ರಿ, ಕೊಡ್ರಿ" ಎಂದ. "ಈಗಿನ ಹುಡುಗರು ದುಡುಕತೀರಿ. ಮನ್ಯಾಗ ಹಿರ್ಯಾರು ಇಲ್ಲೇನು?" ಎಂದಿರಿ.

ಹಿರಿಯಳಾದ ನಾನೇ ಸೊಸೆಯನ್ನು ಕರೆದುಕೊಂಡು ಬಂದೆ. ಆಗ ತಾವು, "ನೀವ ಹಿಂಗ ಮಾಡಿದ್ರ ಹೆಂಗ್ರಿ ಅಕ್ಕೋರ?" ಎಂದು ನೊಂದುಕೊಂಡು, ಪೇಟೆಗೆಲ್ಲ ಕೇಳುವಂತೆ, "ಕೂಸು ತೆಗಸೂ ಗುಳಿಗಿ ನಮ್ಮಲ್ಲಿ ಇಲ್ಲ!" ಎಂದು ಸಾರಿದಿರಿ. ನಿಂತಿದ್ದ ಗಿರಾಕಿಗಳೆಲ್ಲ ತಿರುಗಿ ಪ್ರಜ್ಞಾಳನ್ನೇ ನೋಡಿದರು.

"ಇಲ್ಲಂದ್ರ ಮೊದಲ ಹೇಳಬೇಕಿತ್ತು. ಇಷ್ಟು ಯಾಕ ಅಡ್ಯಾಡಿಸಿದ್ರಿ?" ಎಂದೆ.

"ಮ್ಯಾಲಿನವರು ತಪಾಸು ಮಾಡ್ತಾರ್ರಿ. ಹೆಣ್ಣು ಭ್ರೂಣದ ಕೇಸು ಆತಂದ್ರ ಅಂಗಡಿ ಮುಚ್ಚಸ್ತಾರ."

ಅಷ್ಟು ಎಳೆಯ ಗರ್ಭದಲ್ಲಿ ಹೆಣ್ಣೋ ಗಂಡೋ ಎಂಬುದು ಸ್ಕ್ಯಾನಿಂಗ್ ಯಂತ್ರಕ್ಕೂ ಕಾಣದು. ಬರೀ ಚೀಟಿ ನೋಡಿಯೇ ಕಂಡುಕೊಂಡ ತಮ್ಮ ಕಣ್ಣುಗಳನ್ನು ದಯವಿಟ್ಟು ಸರ್ಕಾರಿ ಆಸ್ಪತ್ರೆಗೆ ಎರವಲು ಕೊಡಿ. ಅದೇ ಹೊತ್ತಿನಲ್ಲಿ ಪಕ್ಕದ ಮಹನೀಯರೊಬ್ಬರು ಚೀಟಿಯೇ ಇಲ್ಲದೆ ಪಿಸುಮಾತಿನಲ್ಲಿ ಕೇಳಿದ ಗಂಡಸುತನದ ಶಕ್ತಿಗುಳಿಗೆಯನ್ನು ತಾವು ಕಾಗದದಲ್ಲಿ ಸುತ್ತಿ, ನಗುನಗುತ್ತಾ ಕೊಟ್ಟಿರಿ. ಹೆಂಡತಿಯನ್ನು ಕರೆತನ್ನಿ ಎಂದು ಅವರಿಗೆ ಹೇಳಲು ಮರೆತಿರಬೇಕು.

ಬಸ್ಸಿನಲ್ಲಿ ಪ್ರಜ್ಞಾ ಕಿಟಕಿಗೆ ಮುಖ ಮಾಡಿ ಅತ್ತಳು. "ಅತ್ತಿ, ನಾ ಏನ್ ಕದ್ದೇನಿ ಅಂತ ಎಲ್ಲಾರೂ ಹಂಗ ನೋಡಿದ್ರು?" ಎಂದು ಕೇಳಿದಳು. ನಾನು ಅವಳ ಕೈ ಹಿಡಿದು ಕುಳಿತೆ.

ಮರುದಿನವೇ ಬೈಲಹೊಂಗಲಕ್ಕೆ ಹೋದೆವು. ಅಲ್ಲಿಯ ಲೇಡಿ ಡಾಕ್ಟರು ಪರೀಕ್ಷಿಸಿ, "ಇನ್ನೊಂದು ವಾರ ತಡಾ ಮಾಡಿದ್ರ ಗುಳಿಗಿ ಕೊಡಾಕ ಆಗತಿರಲಿಲ್ಲ" ಎಂದು, ಅವರ ದವಾಖಾನೆಯಿಂದಲೇ ಕೊಟ್ಟರು. ಮನೆಯಲ್ಲಿ ಹೇಗೆ ತೆಗೆದುಕೊಳ್ಳಬೇಕು, ರಕ್ತ ಎಷ್ಟು ಹೋದರೆ ಓಡಿಬರಬೇಕು ಎಂಬುದನ್ನು ತಾಳ್ಮೆಯಿಂದ ತಿಳಿಸಿದರು. ಹೊಟ್ಟೆನೋವು ಜೋರಾದಾಗ ಅವಳು ನನ್ನ ತೊಡೆಯ ಮೇಲೆ ಮಲಗಿದಳು. ಗೌರೀಶ ಮಗುವಿಗೆ ಅನ್ನ ತಿನ್ನಿಸುತ್ತಾ ಅರ್ಧ ನೆಲಕ್ಕೇ ಉಣಿಸಿದ. ಮತ್ತೆ ತೋರಿಸಿದಾಗ ಎಲ್ಲ ಸರಿಯಾಗಿದೆ ಎಂದರು. ಈಗ ಪ್ರಜ್ಞಾ ಮತ್ತೆ ಹೊಲಿಗೆ ಹಿಡಿದಿದ್ದಾಳೆ.

ತಮ್ಮಲ್ಲಿ ನನ್ನದೊಂದು ಸಣ್ಣ ವಿನಂತಿ. ತಾವು ಗುಳಿಗೆ ನಿರಾಕರಿಸಿದ ಪ್ರತಿ ಮನೆಗೂ ತಾವೇ ದಯಮಾಡಿಸಿ ಬಾಣಂತನ ಮಾಡಬೇಕು, ತೊಟ್ಟಿಲು ತೂಗಬೇಕು, ಒಳಗಿನ ಹೊಲಿಗೆ ಬಿಚ್ಚಿದರೆ ತಮ್ಮ ಹೊಟ್ಟೆಯನ್ನೇ ಕತ್ತರಿಗೆ ಒಡ್ಡಬೇಕು. ಅಂಗಡಿ ಆಗ ಮುಚ್ಚಿದರೂ ಚಿಂತೆಯಿಲ್ಲ, ಧರ್ಮ ಉಳಿಯುತ್ತದೆ.

ಚೀಟಿಯಿಲ್ಲದೆ ಸಿಕ್ಕ ಉಪದೇಶಕ್ಕೆ ಋಣಿಯಾದ,
ತಮ್ಮ ವಿಶ್ವಾಸಿ,
ಸಾವಂತ್ರೆವ್ವ

ತಾ.ಕ.: ಮೊನ್ನೆ ತಮ್ಮ ಪೇಟೆಯ ಕಡೆಯಿಂದ ಒಬ್ಬ ಹೆಣ್ಣುಮಗಳು ಸೆರಗು ಮುಂದೆಳೆದುಕೊಂಡು ಬಂದು, ಬೈಲಹೊಂಗಲದ ಡಾಕ್ಟರ ವಿಳಾಸ ಕೇಳಿದಳು. ಯಾರ ಮನೆಯವಳೆಂದು ತಾವು ಕೇಳಬಹುದು. ನಾನು ಕೇಳಲಿಲ್ಲ, ಚಹಾ ಕುಡಿಸಿ, ವಿಳಾಸ ಹೇಳಿ ಕಳಿಸಿದೆ.