ಊರೂರು ಸುತ್ತಿದ ಪಂಪ್ ಸ್ಟೋವು

ನಮ್ಮ ಕಡೆ ಎರವಲು ಹೋದ ಪಾತ್ರೆ ತಾನಾಗಿ ಮನೆಗೆ ಬಂದಿದ್ದನ್ನ ನಾನಂತೂ ಕಂಡಿಲ್ಲ. ಕೇಳಾಕೆ ಹೋದರೆ ನಾವೇ ಕೆಟ್ಟವರು.

ನನ್ನ ಹೆಂಡತಿಗೆ ತವರಿಂದ ಬಂದ ಹಿತ್ತಾಳೆ ಪಂಪ್ ಸ್ಟೋವು ಒಂದಿತ್ತು. ಸ್ವೀಡನ್ ದೇಶದ್ದು. ಗೆಳೆಯನ ಅಕ್ಕ ಗೃಹಪ್ರವೇಶಕ್ಕೆ ಅಂತ ಒಯ್ದರು. ಇಪ್ಪತ್ತು ವರ್ಷವಾಯ್ತು. ಹೋದ ವರ್ಷ ಹೆಂಡತಿ ತೀರಿಕೊಂಡಳು. ಆಸ್ಪತ್ರೆಯಲ್ಲೂ ಕೇಳಿದ್ದಳು, "ಸ್ಟೋವು ಬಂತೇನ್ರೀ?"

ಗೆಳೆಯನ ಮಗಳು ಸ್ವೀಡನ್ನಿನಲ್ಲಿ ನರ್ಸು. ಅಳಿಯ ಅಲ್ಲಿಯವನೇ. ಅವನ ತಾತ ಇಂಥ ಸ್ಟೋವು ಮಾಡೋ ಕಾರ್ಖಾನೆಯಲ್ಲಿ ದುಡಿದವನಂತೆ. ಊರಿಗೆ ಬಂದವನು ಹೆಂಡತಿಯಿಂದ ಕಲಿತ ಕನ್ನಡದಲ್ಲಿ ಕೇಳಿದ, "ನನ್ನ ತಾತ ಮಾಡಿದ್ದು ಇಲ್ಲಿ ಐತಾ?"

"ಐತೆ. ನಿಮ್ಮ ಮಾವನ ಅಕ್ಕನ ಮನೇಲಿ" ಅಂದೆ. ಗೆಳೆಯನ ಮುಖ ಸಣ್ಣಗಾಯ್ತು. ಮೂವರೂ ಚನ್ನಗಿರಿಯಿಂದ ಕಾರಲ್ಲಿ ಹೊರಟೆವು.

೧. ಹೊನ್ನಾಳಿ

ಅಕ್ಕ ಸ್ಟೋವಿನ ಮಾತೆತ್ತಾಕೆ ಬಿಡಲಿಲ್ಲ. ಎಲೆ ಹಾಕಿದರು. ನಾಲ್ಕನೇ ಹೋಳಿಗೆಗೆ ಅಳಿಯ ಎಲೆ ಮೇಲೆ ಎರಡೂ ಕೈ ಅಡ್ಡ ಹಿಡಿದ. "ನಮ್ಮ ದೇಶದಲ್ಲಿ ಸಾಕು ಅಂದ್ರೆ ಬಡಿಸಲ್ಲ" ಅಂದ.

ಅಕ್ಕನ ಕಣ್ಣು ತುಂಬಿತು. "ಅಯ್ಯೋ, ಅಲ್ಲಿ ನಿನ್ನ ಕೇಳೋರೇ ಇಲ್ವೇನಪ್ಪಾ!" ಕೈ ಸರಿಸಿ ಐದನೆಯದನ್ನೂ ಹಾಕಿದರು.

ಕೈ ತೊಳೆದವನೇ ಸ್ಟೋವು ಕೇಳಿದೆ.

"ಅದಾ? ನ್ಯಾಮತಿಯ ನನ್ನ ಓರಗಿತ್ತಿ ಒಯ್ದಳು. ಇನ್ನೂ ವಾಪಸ್ ಕೊಟ್ಟಿಲ್ಲ ನೋಡು ತಮ್ಮಾ. ಎಂಥಾ ಜನ!"

೨. ನ್ಯಾಮತಿ

ಓರಗಿತ್ತಿ ನನ್ನ ನೋಡಿದವರೇ ಅತ್ತರು. "ಬಂಗಾರದಂಥ ಹೆಣ್ಣುಮಗಳು" ಅಂತ ಸೆರಗಲ್ಲಿ ಕಣ್ಣೊರೆಸಿಕೊಂಡರು. ಒರೆಸಿಕೊಂಡವರು ಕೇಳಿದರು, "ಒಬ್ಬರೇ ಇದ್ದೀರಿ, ನಿಮಗ್ಯಾಕ್ರೀ ಸ್ಟೋವು?"

ಮೈಯೆಲ್ಲ ಉರಿಯಿತು. "ಇಬ್ಬರಿದ್ದಾಗ ಕೊಟ್ರಾ?" ಅಂದೆ.

"ಸಿಟ್ಟು ಮಾಡಬ್ಯಾಡ್ರಿ ಅಣ್ಣಾರೆ. ಜಗಳೂರಿಗೆ ಮಗಳ ಮನೆಗೆ ಕಳಿಸೀನಿ, ಕೂಸಿಗೆ ಹಾಲು ಕಾಯಿಸಾಕೆ."

ಕೂಸು ಅಂದಮೇಲೆ ತಣ್ಣಗಾದೆ. "ಎಷ್ಟು ತಿಂಗಳು?"

"ಪಿಯುಸಿ ಓದ್ತಾನೆ."

೩. ಜಗಳೂರು

ಮೆಕ್ಕೆಜೋಳದ ಹೊಲ ದಾಟಿ ದಾಟಿ ಜಗಳೂರು ಸೇರಿದೆವು. ಸ್ಟೋವು ಟಿವಿ ಪಕ್ಕ ಕೂತಿತ್ತು. ಹುಣಸೆಹಣ್ಣು ಹಚ್ಚಿ ತಿಕ್ಕಿ ಫಳಫಳ ಮಾಡಿದ್ದಳು ಆ ಮಗಳು.

ಅಳಿಯ ಕುಕ್ಕರಗಾಲಲ್ಲಿ ಕೂತ. ಅದರ ಮೇಲೆ ಕೈ ಇಟ್ಟು "ತಾತ" ಅಂದ. ಅವನ ತಾತ ಇಂಥ ಸ್ಟೋವು ಮಾಡ್ತಿದ್ದ ಕಥೆಯನ್ನ ಗೆಳೆಯ ಬಿಡಿಸಿ ಹೇಳಿದ.

ಆ ಹೆಣ್ಣುಮಗಳು ಕರಗಿ ನೀರಾದಳು. ಒಳಗೆ ಓಡಿ ತಟ್ಟೆ ತಂದಳು. ಎಲೆ ಅಡಿಕೆ, ತೆಂಗಿನಕಾಯಿ, ನಡುವೆ ಸ್ಟೋವು. "ತಗೊಳ್ಳಿ ಭಾವ, ನಿಮ್ಮ ತಾತಂದು ನಿಮಗೇ ಸೇರಲಿ."

ಗೆಳೆಯ ಬೇರೆ "ದೊಡ್ಡ ಮನಸ್ಸು ಕಣವ್ವಾ" ಅಂದ. ಯಾರ ಸ್ಟೋವು, ಯಾರ ಮನಸ್ಸು!

"ಅದು ನನ್ನ ಹೆಂಡತೀದು!" ಕೂಗಿಬಿಟ್ಟೆ.

"ಏನು ಗುರುತು ಮಾವ? ನನಗೆ ನಮ್ಮವ್ವ ಕೊಟ್ಟಿದ್ದು."

ಸ್ಟೋವು ಮಗುಚಿ ಹಿಡಿದೆ. ತಳದಲ್ಲಿ ಚುಕ್ಕಿ ಚುಕ್ಕಿಯಾಗಿ ನನ್ನವಳ ಹೆಸರು. ಅಂಗಡಿಯಲ್ಲಿ ಕೂತು ಹಾಕಿಸಿಕೊಂಡು ಬಂದಿದ್ದಳು. ಅಳಿಯ ಒಂದೊಂದೇ ಚುಕ್ಕಿ ಮೇಲೆ ಬೆರಳಾಡಿಸಿದ. ಎರಡೂ ಕೈಯಲ್ಲಿ ಎತ್ತಿ ನನ್ನ ಮಡಿಲಿಗಿಟ್ಟ.

ವಾಪಸ್ ಬರುವಾಗ ಕೇಳಿದ, "ಪಾತ್ರೆಗೆ ಯಾಕೆ ಹೆಸರು?"

"ಒಯ್ದವರು ಕೊಡಲ್ಲ, ಅದಕ್ಕೆ" ಅಂದೆ. ಗೆಳೆಯ ಕಿಟಕಿ ಕಡೆ ತಿರುಗಿದ.

ಲೋಟ, ಸೌಟು, ಇಡ್ಲಿ ತಟ್ಟೆ, ಯಾವುದನ್ನೂ ಬಿಟ್ಟವಳಲ್ಲ ಅವಳು. ಒಮ್ಮೆ ರೇಗಿ ಅಂದಿದ್ದೆ, "ನನ್ನ ಬೆನ್ನಿಗೂ ಒಂದು ಹಾಕಿಸಿಬಿಡು."

"ನಿಮ್ಮನ್ನ ಯಾರು ಎರವಲು ಒಯ್ತಾರೆ ಬಿಡ್ರಿ" ಅಂದಿದ್ದಳು.