ಹೂಂ ಎಂಬ ಎಚ್ಚರ

ಎದ್ದಿರುವುದಕ್ಕೂ ಎಚ್ಚರವಾಗಿರುವುದಕ್ಕೂ ನಡುವಿನ ದೂರ ನನ್ನ ಲೆಕ್ಕದಲ್ಲಿ ಉಣಕಲ್ಲಿನಿಂದ ಸತ್ತೂರಿನಷ್ಟು. ಬೈಕಿನ ಮೇಲೆ ಹದಿನೈದು ಇಪ್ಪತ್ತು ನಿಮಿಷದ ಹಾದಿ. ಇಷ್ಟು ದೂರವನ್ನು ಕಣ್ಣು ತೆರೆದು, ಹೆಲ್ಮೆಟ್ ತೊಟ್ಟು, ಗೇರು ಬದಲಿಸುತ್ತಾ, ಕೇಳಿದ ಮಾತಿಗೆಲ್ಲ ಉತ್ತರ ಕೊಡುತ್ತಾ ದಾಟಬಹುದು. ಆದರೂ ಮನುಷ್ಯ ಇನ್ನೂ ತನ್ನ ಹಾಸಿಗೆಯಲ್ಲಿಯೇ ಇರಬಹುದು. ಇದನ್ನು ನಾನು ಯಾರಿಂದಲೋ ಕೇಳಿ ಹೇಳುತ್ತಿಲ್ಲ. ಕೇಳಿ ಹೇಳುವಂತಿದ್ದರೆ ಎಷ್ಟು ಚೆನ್ನಾಗಿತ್ತು.

ನನಗೆ ಡೈರಿ ಬರೆಯುವ ಚಟವಿದೆ. ಅದು ಮನಸ್ಸಿನ ಮಾತುಗಳನ್ನು ಬರೆಯುವ ಡೈರಿಯಲ್ಲ, ಗೆರೆ ಎಳೆದು ಮನೆ ಮಾಡಿದ ಡೈರಿ. ಎದ್ದ ಹೊತ್ತು, ಕುಡಿದ ಚಹಾ, ಮನೆ ಬಿಟ್ಟ ಹೊತ್ತು, ಕಾರ್ಖಾನೆ ಮುಟ್ಟಿದ ಹೊತ್ತು. ಲಕಮನಹಳ್ಳಿಯ ಒಂದು ಸಣ್ಣ ಯಂತ್ರಭಾಗಗಳ ಕಾರ್ಖಾನೆಯಲ್ಲಿ ತಯಾರಾದ ಮಾಲನ್ನು ಅಳತೆ ಹಿಡಿದು ಪಾಸು ಮಾಡುವುದು ನನ್ನ ಕೆಲಸ. ಕೂದಲೆಳೆಯ ವ್ಯತ್ಯಾಸ ಕಂಡರೆ ಕೆಂಪು ಬಣ್ಣ ಹಚ್ಚಿ ಪಕ್ಕಕ್ಕೆ ಎಸೆಯುತ್ತೇನೆ. ಇಡೀ ದಿನ ಹೀಗೆ ಕಬ್ಬಿಣವನ್ನು ಅನುಮಾನದಿಂದ ನೋಡುವವನಿಗೆ ಮನೆಯಲ್ಲೂ ಕೈ ಸುಮ್ಮನಿರುವುದಿಲ್ಲ. ಮೊದಲ ಪಾಳಿ ಬೆಳಿಗ್ಗೆ ಏಳಕ್ಕೆ. ಬೈಕ್ ಹತ್ತುವ ಮುನ್ನ ಪೂರ್ತಿ ಎಚ್ಚರವಾಗಿರಬೇಕು ಎಂದು ಮೊಬೈಲಿನಲ್ಲಿ ಯಾರೋ ಹೇಳಿದ್ದನ್ನು ಕೇಳಿದ ದಿನವೇ ಡೈರಿಯಲ್ಲಿ ಹೊಸದೊಂದು ಮನೆ ಹಾಕಿದೆ: ಎಚ್ಚರ, ಹತ್ತಕ್ಕೆ ಎಷ್ಟು. ಎದ್ದ ಹತ್ತು ನಿಮಿಷಕ್ಕೆ, ಚಹಾ ಮುಗಿಸಿ, ಆ ಮನೆಯಲ್ಲಿ ಅಂಕ ಬರೆದೇ ಗಾಡಿಯ ಕೀಲಿ ಮುಟ್ಟುತ್ತಿದ್ದೆ. ಏಳಕ್ಕಿಂತ ಕಡಿಮೆ ಬಂದರೆ ಗಾಡಿ ಮುಟ್ಟಕೂಡದೆಂಬುದು ನಿಯಮ. ನಾಲ್ಕು ತಿಂಗಳಲ್ಲಿ ಒಮ್ಮೆಯೂ ಏಳಕ್ಕಿಂತ ಕಡಿಮೆ ಬರಲಿಲ್ಲ. ಅಂಕ ಕೊಡುವವನೂ ಪಡೆಯುವವನೂ ಒಬ್ಬನೇ ಆದಾಗ ಫಲಿತಾಂಶ ಯಾವಾಗಲೂ ಹೀಗೇ ಚೆನ್ನಾಗಿರುತ್ತದೆ.

ಅವ್ವನಿಗೆ ಮಾತ್ರ ಈ ಅಂಕಗಳ ಮೇಲೆ ಭರವಸೆಯಿರಲಿಲ್ಲ. ಒಂದು ದಿನ ನಾನು ಬರೆಯುತ್ತಿರುವಾಗ ಹಿಂದೆ ಬಂದು ನಿಂತಳು.

"ಅಂಗಿ ತಿರುವ್ಯಾಡಿ ಹಾಕ್ಕೊಂಡಿ. ಎಷ್ಟ ಮಾರ್ಕ್ಸ್ ಕೊಟ್ಟಿ?"

"ಎಂಟು."

"ಅಂಗಿಗೊಂದು ಮಾರ್ಕ್ಸ್ ಕಡಿಮಿ ಮಾಡು" ಎಂದು ಒಳಗೆ ಹೋದಳು. ನಾನು ಅಂಗಿ ಬಿಚ್ಚಿ ಸರಿ ಮಾಡಿಕೊಂಡೆ. ಎಂಟನ್ನು ಹಾಗೇ ಬಿಟ್ಟೆ.

ಉಣಕಲ್ಲಿನ ನಮ್ಮ ಮನೆ ಬಿಟ್ಟ ಮೇಲೆ ಭೈರಿದೇವರಕೊಪ್ಪದಲ್ಲಿ ನನ್ನ ಬೈಕಿನ ಹಿಂದೆ ದಸ್ತಗೀರ ಕಾಕಾ ಹತ್ತುತ್ತಿದ್ದರು. ನಮ್ಮ ಕಾರ್ಖಾನೆಯ ಹಳೆಯ ಲೇಥು ಯಂತ್ರ ಅವರದು. ಕಾಗದದ ಮೇಲೆ ಮಾಲಕರದು, ಉಳಿದಂತೆ ಅವರದು. ತಿರುಗುವ ಕಬ್ಬಿಣದ ಸದ್ದು ಕೇಳಿಯೇ ಎಷ್ಟು ಕೊರೆದಿದೆ ಎಂದು ಹೇಳುವವರು. ಮೂರು ವರ್ಷಗಳಲ್ಲಿ ಅವರ ಕೈಯಿಂದ ಬಂದ ಮಾಲಿಗೆ ನಾನು ಕೆಂಪು ಹಚ್ಚಿದ್ದು ಎರಡೇ ಸಲ, ಅದರಲ್ಲಿ ಒಂದು ಸಲ ತಪ್ಪು ನನ್ನದೇ ಆಗಿತ್ತು. ನಿವೃತ್ತಿಗೆ ಒಂದು ವರ್ಷ ಉಳಿದಿತ್ತು. ಕೊನೆಯ ದಿನದವರೆಗೂ ಲೇಥಿನ ಮುಂದೆಯೇ ನಿಲ್ಲಬೇಕು ಎಂಬುದೊಂದೇ ಅವರ ಆಸೆ, ಅದನ್ನು ಅವರು ಆಸೆ ಎಂದು ಹೇಳುತ್ತಿರಲಿಲ್ಲ, "ಮತ್ತೆಲ್ಲಿ ನಿಂದರ್ಲಿ?" ಎನ್ನುತ್ತಿದ್ದರು.

ಬೆಳಗಿನ ನನ್ನ ಮುಖವನ್ನು ಅವರು ಮೊದಲ ದಿನವೇ ಓದಿಬಿಟ್ಟಿದ್ದರು. "ಬಸೂ, ನಿನ್ನ ಕಣ್ಣು ಎದ್ದಾವ, ನೀ ಎದ್ದಿಲ್ಲ. ನಾ ಒಂದು ಕಥಿ ಹೇಳ್ತೇನಿ. ನೀ ಹೂಂ ಅನಕೋತ ಹೋಗು. ಹೂಂ ನಿಂತ್ರ ಗಾಡಿ ನಿಲ್ಲಸು ಅಂತೇನಿ." ಇದು ನಮ್ಮ ಕಡೆಯ ಹಳೆಯ ಪದ್ಧತಿ. ಕಥೆ ಹೇಳುವವರಿಗೆ ಕೇಳುವವರು ಹೂಂಗುಟ್ಟಬೇಕು. ಹೂಂ ಇದ್ದರೆ ಎಚ್ಚರ, ಹೂಂ ಇಲ್ಲದಿದ್ದರೆ ನಿದ್ದೆ. ಇಷ್ಟು ಸರಳವಾದ, ಇಷ್ಟು ಕಾಲ ನಡೆದು ಬಂದ ಪರೀಕ್ಷೆಯಲ್ಲಿ ಒಂದು ತೂತಿದೆ ಎಂಬುದು ಗೊತ್ತಿದ್ದವನು ನಾನೊಬ್ಬನೇ. ಅದನ್ನು ನಾನು ಅಂದೇ ಹೇಳಬೇಕಿತ್ತು.

ನಾನು ಚಿಕ್ಕವನಿದ್ದಾಗ ಬೇಸಿಗೆ ರಜೆಯಲ್ಲಿ ಸುಳ್ಳ ಎಂಬ ಅಜ್ಜಿಯ ಊರಿಗೆ ಹೋಗುತ್ತಿದ್ದೆ. ಮಧ್ಯಾಹ್ನ ಊಟವಾದ ಮೇಲೆ ಪಡಸಾಲೆಯಲ್ಲಿ ಅಜ್ಜಿ ಕಥೆ ಹೇಳುತ್ತಿದ್ದಳು. ನಾನು ಹೂಂಗುಟ್ಟುತ್ತಿದ್ದೆ. ಒಂದು ಮಧ್ಯಾಹ್ನ ಅಜ್ಜಿ ಕಥೆ ನಿಲ್ಲಿಸಿ, "ಬಸೂ, ನೀ ಕತ್ತಿ ಅದಿಯೇನು?" ಎಂದು ಕೇಳಿದಳಂತೆ. ಕತ್ತೆಯೆಂದು ಒಪ್ಪಿ ಹೂಂ ಎಂದೆನಂತೆ. "ನಿನ್ನ ಪಾಲಿನ ಹೋಳಿಗಿ ನಾವು ತಿನ್ನೂಣೇನು?" ಹೂಂ. ಎದ್ದು ನೋಡಿದರೆ ಹೋಳಿಗೆ ಇರಲಿಲ್ಲ. ಸೋದರಮಾವನ ಮಕ್ಕಳೆಲ್ಲ ಬಾಯಿ ಒರೆಸಿಕೊಂಡು ನಿಂತಿದ್ದರು. "ನೀನ ಹೂಂ ಅಂದೀದಿ" ಎಂದರು. ಹೀಗೆ ನಿದ್ದೆಯಲ್ಲಿ ಹೂಂ ಎನ್ನುವ ವಿದ್ಯೆ ನನಗೆ ಆರನೆಯ ವಯಸ್ಸಿನಲ್ಲಿಯೇ ಸಿದ್ಧಿಸಿತ್ತು. ಅದಕ್ಕೆ ತೆತ್ತದ್ದು ಬರೀ ಒಂದು ಹೋಳಿಗೆ ಎಂದು ಇಷ್ಟು ವರ್ಷ ತಿಳಿದಿದ್ದೆ.

ಕಾಕಾನ ಕಥೆ ಅವರ ಅಣ್ಣನ ಮದುವೆಯದು. ಮುಗದ ಊರಿನ ಒಂದೇ ಓಣಿಯಲ್ಲಿ ಎರಡು ಮದುವೆ. ಗಂಡಿನ ಕಡೆಯವರು ತಪ್ಪಿ ಇನ್ನೊಂದು ಮದುವೆಯ ಹಂದರದಲ್ಲಿ ಇಳಿದಿದ್ದಾರೆ. ಆ ಮನೆಯವರು ಕಾಲಿಗೆ ನೀರು ಕೊಟ್ಟು ಊಟಕ್ಕೆ ಕೂರಿಸಿದ್ದಾರೆ. ಈ ಮದುವೆ ನಮ್ಮ ಬೈಕಿನ ಮೇಲೆ ಹನ್ನೊಂದು ದಿನ ನಡೆಯಿತು. ನಡುವೆ ಯಾರ ಚಪ್ಪಲಿ ಕಳೆಯಿತು, ಯಾರು ಯಾರ ಮೇಲೆ ಸಿಟ್ಟಾದರು, ಎಲ್ಲವೂ ಬರಬೇಕು. ಒಳ್ಳೆಯ ಕಥೆ. ಕಥೆಯದು ಏನೂ ತಪ್ಪಿರಲಿಲ್ಲ ಎಂಬುದನ್ನು ಇಲ್ಲಿ ಸ್ಪಷ್ಟವಾಗಿ ಬರೆದಿಡುತ್ತೇನೆ, ಯಾಕೆಂದರೆ ಆಮೇಲೆ ಎಲ್ಲರೂ ಕಥೆಯ ಮೇಲೆಯೇ ಹೊರೆ ಹೊರಿಸಿದರು.

ಹನ್ನೊಂದನೆಯ ದಿನ ಗುರುವಾರ. ಡೈರಿಯಲ್ಲಿ ಎಚ್ಚರ, ಹತ್ತಕ್ಕೆ ಒಂಬತ್ತು. ರಾಯಾಪುರ ದಾಟುವಾಗ ಗಂಡಿನ ಕಡೆಯವರಿಗೆ ಎರಡನೆಯ ಸಲ ಸಾರು ಬಡಿಸುತ್ತಿದ್ದರು. ಅಷ್ಟು ನನಗೆ ನೆನಪಿದೆ. ಮುಂದಿನ ನೆನಪು ಬೆನ್ನ ಮೇಲೆ ಬಿದ್ದ ಒಂದು ಪೆಟ್ಟು. ಕಣ್ಣು ಬಿಟ್ಟಾಗ ಸತ್ತೂರಿನ ಹತ್ತಿರ ರಸ್ತೆ ಬದಿಯ ಕಲ್ಲು ನನ್ನ ಮುಂದಿನ ಗಾಲಿಗೆ ಮೊಳದಷ್ಟು ದೂರದಲ್ಲಿತ್ತು. ಬ್ರೇಕು ಒತ್ತಿದೆ. ಗಾಡಿ ಮಲಗಿತು. ನನ್ನ ಮೊಣಕೈ ತರಚಿತು. ಕಾಕಾ ಬಲಗೈ ಊರಿ ಬಿದ್ದರು, ಮುಂಗೈಯ ಎಲುಬು ಎರಡು ಕಡೆ ಮುರಿಯಿತು.

ಆಸ್ಪತ್ರೆಯಲ್ಲಿ ಪ್ಲಾಸ್ಟರ್ ಹಾಕಿಸಿಕೊಳ್ಳುತ್ತಾ ಕಾಕಾ ಹೇಳಿದ ಮೊದಲ ಮಾತು ಇದು: "ತಪ್ಪು ನಂದ ಆತಪಾ ಬಸೂ. ಕಥ್ಯಾಗ ನನಗ ನಗಿ ಬಂತು. ನಗಿ ತಡಕೊಳ್ಳಾಕ ಆಗ್ದ ನಿನ್ನ ಬೆನ್ನಿಗೆ ಹೊಡದ್ನಿ. ನೀ ಬೆದರಿದಿ. ಇಲ್ಲಾಂದ್ರ ನೀ ಛಲೋ ಹೊಡೀತಿದ್ದಿ, ಹೂಂ ಅಂತನೂ ಅನ್ನಾಕತ್ತಿದ್ದಿ."

ಆಗ ಹೇಳಬೇಕಿತ್ತು. 'ಕಾಕಾ, ನಿಮ್ಮ ಪೆಟ್ಟು ನನ್ನನ್ನು ಬೀಳಿಸಲಿಲ್ಲ, ಎಬ್ಬಿಸಿತು; ಅದು ಬೀಳದಿದ್ದರೆ ಇಬ್ಬರ ತಲೆಯೂ ಕಲ್ಲಿಗೆ ಬಡಿಯುತ್ತಿತ್ತು' ಎನ್ನಬೇಕಿತ್ತು. ನಾನು, "ಇರ್ಲಿ ಬಿಡ್ರಿ ಕಾಕಾ" ಎಂದೆ. ಇದಕ್ಕಿಂತ ಕೆಟ್ಟ ಮಾತು ನನ್ನ ಬಾಯಿಂದ ಈವರೆಗೆ ಬಂದಿಲ್ಲ. ತಪ್ಪು ಮಾಡಿದವನು, ತಪ್ಪು ಮಾಡದವನನ್ನು ಕ್ಷಮಿಸಿದ್ದ.

ಕಾರ್ಖಾನೆಯಲ್ಲಿ ಸುದ್ದಿ ಚಹಾಕ್ಕಿಂತ ಮೊದಲು ಎಲ್ಲರನ್ನೂ ಮುಟ್ಟಿತು. "ಮದುವಿ ಕಥಿ ಹೇಳಾಕ ಹೋಗಿ ಕೈಗೆ ಕಂಕಣಾ ಕಟಿಗೊಂಡ್ರು" ಎಂದು ಒಬ್ಬ ಹೇಳಿದ. ಎಲ್ಲರೂ ನಕ್ಕರು. ನಾನೂ ನಕ್ಕೆ. ಡೈರಿಯಲ್ಲಿ ಅದನ್ನೂ ಬರೆದಿದ್ದೇನೆ: ನಕ್ಕೆ, ಒಂದು ಸಲ. ಮಾಲಕರು ನನ್ನನ್ನು ಕರೆದು ಏನಾಯಿತೆಂದು ಕೇಳಿದರು. ನಾನು ಕಾಕಾ ಹೇಳಿದ್ದನ್ನೇ ಹೇಳಿದೆ. ಅದರಲ್ಲಿ ಸುಳ್ಳಿರಲಿಲ್ಲ, ಕಾಕಾ ಹಾಗೆ ಹೇಳಿದ್ದರು ಎಂಬುದು ನಿಜವೇ. ಮಾಲಕರು ಮೇಜಿನ ಮೇಲಿನ ಪೆನ್ನು ತಿರುಗಿಸಿದರು.

"ವಯಸ್ಸಾತು ಅವರಿಗೆ. ನಡೂ ರಸ್ತ್ಯಾಗ ಗಾಡಿ ಹೊಡಿಯಾವನ ಬೆನ್ನಿಗೆ ಹೊಡೀತಾರಂದ್ರ ನಾಳೆ ಲೇಥಿನ ಮುಂದ ಏನ ಮಾಡ್ತಾರೋ. ಕೈ ವಾಸಿ ಆದ ಮ್ಯಾಲೆ ಸ್ಟೋರಿನ್ಯಾಗ ಕೂಡ್ಲಿ. ಕೈಗವಸು, ಎಣ್ಣಿ ಕೊಡೂ ಕೆಲಸ. ಆರಾಮ ಇರ್ತಾರ."

ಕಾಕಾನಿಗೆ ಆ ಮಾತು ಮುಟ್ಟಿಸಿದವನೂ ನಾನೇ. ಅವರು ಪ್ಲಾಸ್ಟರಿನ ಕೈ ನೋಡಿಕೊಂಡರು. "ಖರೇ ಐತಿ ಬಿಡು" ಎಂದರು. "ಕೈಗವಸು ಕೊಡಾಕ ಸದ್ದು ಕೇಳೂದೇನ ಬೇಕಾಗಿಲ್ಲ." ಆಮೇಲೆ ಕಥೆಯ ಮಾತೇ ಎತ್ತಲಿಲ್ಲ. ಗಂಡಿನ ಕಡೆಯವರು ಇಂದಿಗೂ ಬೇರೆಯವರ ಹಂದರದಲ್ಲಿ ಊಟಕ್ಕೆ ಕುಳಿತೇ ಇದ್ದಾರೆ. ಕಾಕಾನಿಗೆ ಅಷ್ಟು ನಗು ಬಂದದ್ದು ಯಾವ ಮಾತಿಗೆ ಎಂದು ನನಗೆ ಗೊತ್ತಿಲ್ಲ. ಕೇಳುವಂತೆಯೂ ಇಲ್ಲ. ಕೇಳಿದರೆ, ರಾಯಾಪುರದಿಂದ ಸತ್ತೂರಿನವರೆಗೆ ನಾನು ಯಾವುದಕ್ಕೆ ಹೂಂ ಅಂದೆ ಎಂಬ ಪ್ರಶ್ನೆ ಏಳುತ್ತದೆ.

ಡೈರಿಯಲ್ಲಿ ಹೊಸದೊಂದು ಮನೆ ಬಂತು: ನಾಳೆ ಹೇಳಬೇಕು. ಪ್ರತಿದಿನ ಒಂದು ಗೆರೆ. ನಾಲ್ಕು ಉದ್ದ, ಐದನೆಯದು ಅಡ್ಡ. ಗೆರೆಗಳು ಹತ್ತೊಂಬತ್ತಾದ ಮರುದಿನ ಭಾನುವಾರ. ಮಧ್ಯಾಹ್ನ ನಾನು ಅಂತೂ ಭೈರಿದೇವರಕೊಪ್ಪಕ್ಕೆ ಹೋದೆ. ಕಾಕಾನ ಹೆಂಡತಿಗೆ ನಾನು ಚಾಚಿ ಎನ್ನುತ್ತೇನೆ. ಚಾಚಿ ಬಾಗಿಲ ಹತ್ತಿರ ಮೊರದಲ್ಲಿ ಅಕ್ಕಿ ಹಸನು ಮಾಡುತ್ತಿದ್ದರು. "ಬಾ ಬಸೂ. ಈಗರ ಗುಳಿಗಿ ತಗೊಂಡು ಅಡ್ಡಾಗ್ಯಾರ. ಮಾತಾಡ್ಸು, ಎಚ್ಚರ ಅದಾರ" ಎಂದರು.

ಕಾಕಾ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ನಾನು ಹತ್ತಿರ ಸ್ಟೂಲು ಎಳೆದುಕೊಂಡು ಕುಳಿತೆ. ಮುಖ ಕಾಣದಿದ್ದದ್ದು ನನಗೆ ಅನುಕೂಲವೇ ಆಯಿತು.

"ಕಾಕಾ, ಒಂದ ಮಾತ ಹೇಳೂದೈತ್ರಿ."

"ಹೂಂ."

"ಅವತ್ತ ನೀವು ಹೊಡದಿದ್ದಕ್ಕ ಬಿದ್ದಿಲ್ರಿ ನಾವು."

"ಹೂಂ."

ಮುಂದಿನದು ನೀರು ಇಳಿದಂತೆ ಇಳಿಯಿತು. ರಾಯಾಪುರದ ಸಾರು, ಅಲ್ಲಿಂದ ಮುಂದೆ ನೆನಪಿಲ್ಲದ್ದು, ಬೆನ್ನ ಪೆಟ್ಟು, ಎದುರಿಗಿದ್ದ ಕಲ್ಲು, ಮಾಲಕರ ಮುಂದೆ ಬಾಯಿ ಮುಚ್ಚಿದ್ದು, ನಕ್ಕದ್ದು ಕೂಡ. ಹೋಳಿಗೆಯ ಸಂಗತಿಯನ್ನೂ ಹೇಳಿದೆ. ಒಂದೊಂದು ಮಾತಿಗೂ ಕಾಕಾ ಹೂಂ ಎಂದರು. ಬೈಗುಳವಿಲ್ಲ, ಪ್ರಶ್ನೆಯಿಲ್ಲ. ಎಂಥ ದೊಡ್ಡ ಮನುಷ್ಯ ಎಂದು ನನ್ನ ಕಣ್ಣು ತುಂಬಿತು. "ಮಾಲಕರಿಗೆ ನಾನ ಹೇಳ್ತೇನ್ರಿ. ನಿಮ್ಮ ಲೇಥು ನಿಮಗ ಸಿಗಬೇಕು" ಎಂದೆ. "ಹೂಂ" ಎಂದರು. ಹದಿನಾಲ್ಕನೆಯ ಹೂಂ. ಎಣಿಸಿದ್ದೆ, ಅಂಥ ಹೊತ್ತಿನಲ್ಲೂ ಎಣಿಸಿದ್ದೆ. ಹದಿನೈದನೆಯದು ಬರಬೇಕಾದಲ್ಲಿ ಗೊರಕೆ ಬಂತು.

ಜಗತ್ತಿನಲ್ಲಿ ಹೂಂ ಎಂಬ ಶಬ್ದದ ಬೆಲೆ ನನ್ನಷ್ಟು ಬಲ್ಲವನು ಇನ್ನೊಬ್ಬನಿಲ್ಲ. ಭುಜ ಹಿಡಿದು ಎಬ್ಬಿಸಿ ಮತ್ತೆ ಹೇಳಬಹುದಿತ್ತು. ಎಬ್ಬಿಸಲಿಲ್ಲ. ಹೇಳಿಯಂತೂ ಆಯಿತು, ಅವರು ಹೂಂ ಎಂದೂ ಆಯಿತು ಎಂದುಕೊಂಡೆ. ಎದೆ ಹಗುರವಾಯಿತು. ಹೆಲ್ಮೆಟ್ ಎತ್ತಿಕೊಂಡು ಮೆಲ್ಲಗೆ ಹೊರಗೆ ಬಂದೆ.

ಚಾಚಿ ಮೊರದಿಂದ ತಲೆಯೆತ್ತಲಿಲ್ಲ. ಒಂದು ಹರಳು ಆರಿಸಿ ಬದಿಗಿಟ್ಟರು.

"ಗುಳಿಗಿ ತಗೊಂಡ್ರ ಅವರು ನಿದ್ದ್ಯಾಗನೂ ಹೂಂ ಅಂತಾರ. ನನಗ ನೆನಪ ಹಾರಿತ್ತು" ಎಂದರು. "ನಾ ಎಚ್ಚರ ಇದ್ನೆಪಾ."

ನಾನು ಚಪ್ಪಲಿ ಹುಡುಕತೊಡಗಿದೆ. ಚಪ್ಪಲಿ ಕಾಲಲ್ಲೇ ಇತ್ತು.

"ನಾಳೆ ಸಂಜಿಮುಂದ ನಿಮ್ಮ ಮಾಲಕರು ಇವರನ ನೋಡಾಕ ಬರ್ತಾರಂತ" ಎಂದರು ಚಾಚಿ. ದನಿಯಲ್ಲಿ ಸಿಟ್ಟು ಇರಲಿಲ್ಲ, ಇದ್ದಿದ್ದರೆ ಚೆನ್ನಾಗಿತ್ತು. "ಅವರಿಗೆ ನೀ ಹೇಳ್ತೀಯೋ, ನಾ ಹೇಳ್ಲೋ?"

"ಹೂಂ" ಎಂದೆ.

ಆ ಪ್ರಶ್ನೆಗೆ ಹೂಂ ಎಂಬುದು ಉತ್ತರವೇ ಅಲ್ಲ ಎಂದು ಹೊಳೆದದ್ದು ಓಣಿಯ ತಿರುವು ದಾಟಿದ ಮೇಲೆ. ತಿರುಗಿ ನೋಡಲಿಲ್ಲ. ಭೈರಿದೇವರಕೊಪ್ಪದಿಂದ ಉಣಕಲ್ಲಿನವರೆಗೆ ರಸ್ತೆಯ ಪ್ರತಿಯೊಂದು ತಗ್ಗು, ಪ್ರತಿಯೊಂದು ನಾಯಿ, ಬದಿಯ ಪ್ರತಿಯೊಂದು ಕಲ್ಲು ನನಗೆ ಬೇರೆಬೇರೆಯಾಗಿ ಕಂಡಿತು. ಮನೆಗೆ ಬಂದು ಡೈರಿ ತೆಗೆದೆ. ಎಚ್ಚರದ ಮನೆಯಲ್ಲಿ ಮೊದಲ ಸಲ ಹತ್ತಕ್ಕೆ ಹತ್ತು ಬರೆದೆ. ಗಾಡಿ ಇಳಿದ ಮೇಲೆ ಕೊಟ್ಟ ಮೊದಲ ಅಂಕವೂ ಅದೇ. ಆಮೇಲೆ ಪಕ್ಕದ ಮನೆಯಲ್ಲಿ, ನಾಳೆ ಹೇಳಬೇಕು ಎಂಬುದರ ಕೆಳಗೆ, ಇಪ್ಪತ್ತನೆಯ ಗೆರೆ ಅಡ್ಡ ಎಳೆದೆ. ನಾಲ್ಕನೆಯ ಕಟ್ಟು ಪೂರ್ತಿಯಾಯಿತು. ನೋಡಲು ಅಚ್ಚುಕಟ್ಟಾಗಿತ್ತು.